ಬ್ಯಾಟರಿಯ ಕಿಲುಬು

ತಾಮ್ರದ ಚೊಂಬಿನಲ್ಲಿ ಮಜ್ಜಿಗೆಯನ್ನು ತುಂಬಿಡಬಾರದೆಂದು ಮನೆಯ ಅಜ್ಜಿಯರು ಹೇಳುವುದನ್ನು ನೀವು ಕೇಳಿರಬಹುದು. ಹಾಗೆ ಇಟ್ಟರೆ ಮಜ್ಜಿಗೆಯ ರುಚಿ ಕೆಡುತ್ತದೆ. ಒಂದು ರಾತ್ರಿ ಕಳೆದರೆ ಪಾತ್ರೆಯ ಅಂಚಿನಲ್ಲಿ ಹಸಿರು ಬಣ್ಣದ ಲೇಪವೊಂದು ಕಾಣಿಸಿಕೊಳ್ಳುತ್ತದೆ. ಕಬ್ಬಿಣವನ್ನು ತಿನ್ನುವ ಕೆಂಪು ಹುಡಿಗೆ ತುಕ್ಕು ಎಂದೂ, ತಾಮ್ರ ಹಿತ್ತಾಳೆಗಳಿಗೆ ಹತ್ತುವ ಹಸಿರಿಗೆ ಕಿಲುಬು ಎಂದೂ ನಮ್ಮ ಹಿರಿಯರು ಬೇರೆ ಬೇರೆ ಹೆಸರುಗಳನ್ನು ಇಟ್ಟಿದ್ದರು. ಹುಳಿ ಸೋಕಿದ ಲೋಹ ಕಿಲುಬು ಹಿಡಿಯುತ್ತದೆ, ಕಿಲುಬು ಹೊಟ್ಟೆಗೆ ನಂಜು ಎಂಬ ಎರಡು ಸಂಗತಿಗಳು ಅವರಿಗೆ ರಸಾಯನಶಾಸ್ತ್ರದ ನೆರವಿಲ್ಲದೆಯೇ ತಿಳಿದಿದ್ದವು. ಆದುದರಿಂದ ಅವರು ಸಾರು ಹುಳಿಗಳನ್ನು ಕುದಿಸುವ ಹಿತ್ತಾಳೆಯ ಪಾತ್ರೆಗಳಿಗೆ ತವರದ ಕಲಾಯಿ ಹಾಕಿಸುತ್ತಿದ್ದರು. ನಾನು ಬಾಲಕನಾಗಿದ್ದಾಗ ವರ್ಷಕ್ಕೆ ಒಂದೆರಡು ಸಲ ಕಲಾಯಿಯವನು ನಮ್ಮ ಊರಿಗೆ ಬಂದು, ಮರದ ನೆರಳಿನಲ್ಲಿ ತಿದಿಯನ್ನು ಹೂಡುತ್ತಿದ್ದನು. ಕಾದ ಪಾತ್ರೆಗೆ ನವಸಾಗರದ ಪುಡಿಯನ್ನು ಹಾಕಿ ಉಜ್ಜಿ, ತವರದ ಕಡ್ಡಿಯನ್ನು ಸೋಕಿಸಿ, ಅರಳೆಯಿಂದ ಒಂದು ಸುತ್ತು ಒರೆಸಿದನೆಂದರೆ ಪಾತ್ರೆಯ ಒಳಮೈ ಬೆಳ್ಳಿಯಂತೆ ಹೊಳೆಯುತ್ತಿತ್ತು. ಹುಳಿಗೂ ಹಿತ್ತಾಳೆಗೂ ನಡುವೆ ತೆಳ್ಳನೆಯ ಗೋಡೆಯೊಂದು ಎದ್ದಂತಾಗುತ್ತಿತ್ತು.

ಈಗ ಅಡುಗೆಮನೆಗಳಿಂದ ಹಿತ್ತಾಳೆ ಬಹುಮಟ್ಟಿಗೆ ಹೊರಟುಹೋಗಿದೆ. ಸ್ಟೀಲಿನ ಪಾತ್ರೆಗಳು ಬಂದಿವೆ. ಕಲಾಯಿಯವನೂ ಅಪರೂಪವಾಗಿದ್ದಾನೆ. ಆದರೆ ಕಿಲುಬು ಮಾತ್ರ ಮನೆಯನ್ನು ಬಿಟ್ಟುಹೋಗಿಲ್ಲ. ಅದು ಪಡಸಾಲೆಯ ಮೂಲೆಗೆ ಬಂದು ಇನ್ವರ್ಟರಿನ ಬ್ಯಾಟರಿಯ ಮೇಲೆ ಕುಳಿತಿದೆ. ಈ ಮಾತು ನನ್ನ ಮನಸ್ಸಿಗೆ ಚೆನ್ನಾಗಿ ನಾಟಿದ್ದು ಅಂಜನಾಪುರದಲ್ಲಿ ಕಳೆದ ಮಳೆಗಾಲದ ಒಂದು ರಾತ್ರಿ.

ಅಂಜನಾಪುರವು ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ತಾಲ್ಲೂಕಿಗೆ ಸೇರಿದ ಊರು. ಕುಮುದ್ವತಿ ನದಿಗೆ ಇಲ್ಲಿ ಕಟ್ಟಿರುವ ಜಲಾಶಯದ ನೀರು ಸುತ್ತಲಿನ ಗದ್ದೆ ತೋಟಗಳಿಗೆ ಹರಿಯುತ್ತದೆ. ಇದು ಅರೆಮಲೆನಾಡಿನ ಸೀಮೆ. ಆಷಾಢದ ಗಾಳಿ ಬೀಸತೊಡಗಿತೆಂದರೆ ಮರದ ಕೊಂಬೆಗಳು ಮುರಿದು ತಂತಿಯ ಮೇಲೆ ಬೀಳುತ್ತವೆ, ದೀಪಗಳು ಆರುತ್ತವೆ. ಇದೇ ಜಿಲ್ಲೆಯ ಜೋಗದಲ್ಲಿ 1948ರಷ್ಟು ಹಿಂದೆಯೇ ವಿದ್ಯುದಾಗಾರ ಆರಂಭವಾಯಿತು. ಶರಾವತಿಯ ನೀರು ದೂರದೂರದ ನಗರಗಳ ಬೀದಿಗಳನ್ನು ಬೆಳಗಿತು. ಆದರೆ ತಂತಿ ಹರಿದ ರಾತ್ರಿ ಹತ್ತಿರದ ಊರಿಗೂ ದೂರದ ಊರಿಗೂ ಕತ್ತಲೆ ಒಂದೇ.

ಅಲ್ಲಿ ನನ್ನ ಹಳೆಯ ಶಿಷ್ಯನೊಬ್ಬನು ಅಡಕೆ ತೋಟವನ್ನೂ ಸ್ವಲ್ಪ ಗದ್ದೆಯನ್ನೂ ನೋಡಿಕೊಂಡು ಇದ್ದಾನೆ. ಅವನ ಮಗಳು ಹತ್ತನೆಯ ತರಗತಿಯಲ್ಲಿ ಓದುತ್ತಿದ್ದಳು. ನಾನು ಅವರ ಮನೆಗೆ ಹೋಗಿದ್ದ ದಿನ ಸಂಜೆ ಏಳು ಗಂಟೆಗೆ ವಿದ್ಯುತ್ತು ಹೋಯಿತು. ಇನ್ವರ್ಟರು ತಾನಾಗಿಯೇ ಕೆಲಸಕ್ಕೆ ತೊಡಗಿ ದೀಪಗಳು ಮತ್ತೆ ಹತ್ತಿಕೊಂಡವು. ಹತ್ತು ನಿಮಿಷ ಕಳೆದಿರಲಿಲ್ಲ, ಅದು ಕೀಚು ದನಿಯಲ್ಲಿ ನಾಲ್ಕಾರು ಸಲ ಕೂಗಿ ನಿಂತುಹೋಯಿತು. ಹುಡುಗಿ ಒಂದು ಮಾತನ್ನೂ ಆಡದೆ ಪುಸ್ತಕವನ್ನು ಮಡಚಿ ಮೇಣದ ಬತ್ತಿಯನ್ನು ಹುಡುಕಲು ಎದ್ದಳು. ಇದು ಆ ಮನೆಯಲ್ಲಿ ದಿನದಿನದ ಸಂಗತಿಯಾಗಿತ್ತೆಂದು ಅವಳು ಎದ್ದ ರೀತಿಯಿಂದಲೇ ತಿಳಿಯುತ್ತಿತ್ತು.

"ಬ್ಯಾಟರಿ ಸತ್ತುಹೋಗಿದೆ, ಮೇಷ್ಟ್ರೇ. ತಂದು ಎರಡು ವರ್ಷ ಕೂಡ ಆಗಿಲ್ಲ. ಹೊಸದಕ್ಕೆ ಹದಿನೈದು ಸಾವಿರವಾದರೂ ಬೇಕು. ಅಡಕೆ ಕೊಯ್ಲಿಗೆ ಇನ್ನೂ ಎರಡು ಮೂರು ತಿಂಗಳು ಇದೆ. ಸಾಲ ಮಾಡಿಯಾದರೂ ನಾಳೆ ಶಿಕಾರಿಪುರದಿಂದ ತರಬೇಕು" ಎಂದು ಶಿಷ್ಯನು ಹೇಳಿದನು.

ನಾನು ಟಾರ್ಚಿನ ಬೆಳಕಿನಲ್ಲಿ ಬ್ಯಾಟರಿಯನ್ನು ನೋಡಿದೆನು. ಅದರ ಒಂದು ತುದಿಯಲ್ಲಿ, ದಪ್ಪ ತಂತಿ ಬಂದು ಕೂಡುವ ಕಡೆ, ಹೂಕೋಸಿನ ಗಡ್ಡೆಯಂತೆ ಬಿಳಿಯ ಹುಡಿ ಉಬ್ಬಿ ನಿಂತಿತ್ತು. ಅಲ್ಲಲ್ಲಿ ನೀಲಿ ಹಸಿರು ಬಣ್ಣ ಇಣುಕುತ್ತಿತ್ತು. ಕೈಯನ್ನು ಹತ್ತಿರ ಒಯ್ದಾಗ ಬಿಸಿಯೂ ತಾಕಿತು. "ಬ್ಯಾಟರಿ ಸತ್ತಿಲ್ಲ ಕಣಯ್ಯಾ, ಅದರ ಕುತ್ತಿಗೆಗೆ ಕಿಲುಬು ಸುತ್ತಿಕೊಂಡಿದೆ" ಎಂದೆನು. ಹಾಗಾದರೆ ಈಗಲೇ ತೆಗೆದುಬಿಡೋಣವೆಂದು ಅವನು ಸ್ಪ್ಯಾನರನ್ನು ತಂದನು. ಮಗಳು ಬೆಳಕು ತೋರಿಸಲೆಂದು ಉರಿಯುವ ಮೇಣದ ಬತ್ತಿಯನ್ನು ಹಿಡಿದು ಬ್ಯಾಟರಿಯ ಮೇಲೆ ಬಗ್ಗಿದಳು. ನಾನು ಗಾಬರಿಯಿಂದ ಇಬ್ಬರನ್ನೂ ಹಿಂದಕ್ಕೆ ಸರಿಸಿದೆನು.

ಅದಕ್ಕೆ ಕಾರಣವಿದೆ. ನಾನು ಉಪಾಧ್ಯಾಯನಾಗಿ ಸೇರಿದ ಹೊಸತರಲ್ಲಿ ನಮ್ಮ ಶಾಲೆಯ ಮಕ್ಕಳು ರಾಜ್ಯೋತ್ಸವಕ್ಕೆ ನಾಟಕವನ್ನು ಆಡಿದರು. ಧ್ವನಿವರ್ಧಕಕ್ಕೆ ಟ್ರ್ಯಾಕ್ಟರಿನ ಬ್ಯಾಟರಿಯನ್ನು ಜೋಡಿಸಿದ್ದೆವು. ದಿನವೆಲ್ಲ ಅದನ್ನು ಚಾರ್ಜಿಗೆ ಇಟ್ಟು ಆಗತಾನೆ ತಂದಿದ್ದರು. ನಾಟಕದ ನಡುವೆ ಧ್ವನಿ ಕೆಟ್ಟಿತು. ಕಿಲುಬು ಕಟ್ಟಿದ ಕೊಂಡಿ ಸಡಿಲಗೊಂಡಿರಬೇಕೆಂದು ನನಗೆ ತೋರಿತು. ಹತ್ತಿರ ನಿಂತಿದ್ದ ಹುಡುಗನಿಗೆ "ಸ್ವಲ್ಪ ಅಲುಗಿಸಿ ನೋಡು" ಎಂದು ಹೇಳಿದವನು ನಾನೇ. ಅವನು ಕೊಂಡಿಯನ್ನು ಅಲುಗಿಸಿದನು. ಒಂದು ಕಿಡಿ ಹಾರಿತು. ಮರುಕ್ಷಣದಲ್ಲಿ ಕೋವಿ ಸಿಡಿದಂತೆ ಸದ್ದಾಗಿ ಬ್ಯಾಟರಿಯ ಮೇಲ್ಮುಚ್ಚಳ ಸೀಳಿಹೋಯಿತು. ಆಮ್ಲದ ಹನಿಗಳು ಹುಡುಗನ ಮುಖದ ಮೇಲೆ ಸಿಡಿದವು. ಪ್ರೇಕ್ಷಕರಿಗಾಗಿ ತುಂಬಿಟ್ಟಿದ್ದ ಕುಡಿಯುವ ನೀರಿನ ಕೊಡಗಳು ಅಲ್ಲಿಯೇ ಇದ್ದುದು ನಮ್ಮೆಲ್ಲರ ಪುಣ್ಯ. ಅವನ ಕಣ್ಣುಗಳನ್ನು ಬಿಡಿಸಿ ಹಿಡಿದು, ಒಂದು ಕೊಡ ಮುಗಿದರೆ ಮತ್ತೊಂದರಿಂದ, ಕಾಲು ಗಂಟೆಗೂ ಹೆಚ್ಚು ಹೊತ್ತು ನೀರನ್ನು ಸುರಿದೆವು. ಬಳಿಕ ಆಸ್ಪತ್ರೆಗೆ ಕರೆದೊಯ್ದೆವು. ಕಣ್ಣು ಉಳಿಯಿತು. ರೆಪ್ಪೆಯ ಮೇಲೆ ಸಣ್ಣ ಕಲೆಯೊಂದು ನಿಂತಿತು. ಅಂದು ನಾನು ಉಟ್ಟಿದ್ದ ಅಂಗಿಯನ್ನು ಒಗೆದಾಗ ಅದು ಜಾಲರಿಯಂತೆ ತೂತುತೂತಾಯಿತು. ಆ ಹುಡುಗನನ್ನು ಕಂಡಾಗಲೆಲ್ಲ ನಾನು ಮೊದಲು ನೋಡುವುದು ಅವನ ರೆಪ್ಪೆಯನ್ನೇ.

ಬ್ಯಾಟರಿಯಲ್ಲಿ ಅಂಥದೇನಿದೆ? ಫ್ರಾನ್ಸಿನ ಗಾಸ್ಟನ್ ಪ್ಲಾಂಟೆ ಎಂಬ ವಿಜ್ಞಾನಿ 1859ರಲ್ಲಿ ಸೀಸದ ಎರಡು ಹಾಳೆಗಳನ್ನು ಒಂದಕ್ಕೊಂದು ತಾಗದಂತೆ ಸುರುಳಿ ಸುತ್ತಿ, ನೀರು ಬೆರಸಿದ ಗಂಧಕಾಮ್ಲದಲ್ಲಿ ಅದ್ದಿ, ವಿದ್ಯುತ್ತನ್ನು ಕೂಡಿಟ್ಟು ಬೇಕೆಂದಾಗ ಹಿಂದಕ್ಕೆ ಪಡೆಯಬಹುದೆಂದು ತೋರಿಸಿದನು. ನಮ್ಮ ಮನೆಗಳ ಬ್ಯಾಟರಿ ಅದರ ಸುಧಾರಿಸಿದ ರೂಪ. ಸೀಸದ ಡೈ ಆಕ್ಸೈಡು ತುಂಬಿದ ಧನ ಫಲಕ, ಸೀಸದ ಋಣ ಫಲಕ, ಇವುಗಳ ನಡುವೆ ಆಮ್ಲ: ಇಷ್ಟಾದರೆ ಒಂದು ಕೋಶ. ಒಂದು ಕೋಶ ಸುಮಾರು 2 ವೋಲ್ಟು ಕೊಡುತ್ತದೆ. ಆರು ಕೋಶಗಳನ್ನು ಸಾಲಾಗಿ ಜೋಡಿಸಿದರೆ 12 ವೋಲ್ಟಿನ ಬ್ಯಾಟರಿ. ಎರಡು ಕೊನೆಗಳಿಂದ ಮೇಲಕ್ಕೆ ಎದ್ದಿರುವ ಸೀಸದ ಗೂಟಗಳೇ ಅದರ ಧ್ರುವಗಳು. ಧನ ಧ್ರುವಕ್ಕೆ ಕೂಡಿಸುವ ಗುರುತನ್ನೂ ಋಣ ಧ್ರುವಕ್ಕೆ ಕಳೆಯುವ ಗುರುತನ್ನೂ ಹಾಕಿರುತ್ತಾರೆ.

ಬ್ಯಾಟರಿಗಳಲ್ಲಿಯೂ ಎರಡು ಜಾತಿಗಳಿವೆ. ಟ್ರ್ಯಾಕ್ಟರಿನ ಬ್ಯಾಟರಿಯದು ಓಟಗಾರನ ಕೆಲಸ. ಎಂಜಿನನ್ನು ಚಾಲೂ ಮಾಡುವ ಕೆಲವೇ ಕ್ಷಣಗಳಲ್ಲಿ ನೂರಾರು ಆಂಪಿಯರುಗಳನ್ನು ಸುರಿದು ಸುಮ್ಮನಾಗುತ್ತದೆ. ಮನೆಯ ಬ್ಯಾಟರಿಯದು ಹೊರೆಯಾಳಿನ ಕೆಲಸ. ಕಡಿಮೆ ಪ್ರವಾಹವನ್ನು ಗಂಟೆಗಟ್ಟಲೆ ಹೊತ್ತು ನಡೆಯಬೇಕು. ಆದುದರಿಂದ ಇದರ ಫಲಕಗಳು ದಪ್ಪ. ಅಡುಗೆಮನೆ, ಹಾಸಿಗೆಗಳನ್ನೆಲ್ಲ ಒಳಗೆ ಹೊತ್ತು ಊರೂರು ತಿರುಗುವ ದೊಡ್ಡ ವಾಹನಗಳು ಹೊರದೇಶಗಳಲ್ಲಿ ಬಹಳವಾಗಿವೆ. ಗಾಲಿಯ ಮೇಲಿನ ಆ ಮನೆಗಳಲ್ಲಿ ಈ ಎರಡು ಜಾತಿಗಳನ್ನೂ ಬೇರೆ ಬೇರೆಯಾಗಿ ಇಟ್ಟಿರುತ್ತಾರೆ: ಎಂಜಿನಿಗೆ ಒಂದು, ಮನೆಗೆ ಒಂದು. ಕಿಲುಬು ಎರಡನ್ನೂ ಬಿಡುವುದಿಲ್ಲ.

ಬ್ಯಾಟರಿಗೆ ವಿದ್ಯುತ್ತನ್ನು ತುಂಬುವಾಗ, ಅದರಲ್ಲಿಯೂ ತುಂಬಿ ಮುಗಿಯುತ್ತ ಬಂದಾಗ, ಒಳಗಿನ ನೀರು ಒಡೆದು ಜಲಜನಕವೂ ಆಮ್ಲಜನಕವೂ ಗುಳ್ಳೆಗಳಾಗಿ ಹೊರಡುತ್ತವೆ. ಗಾಳಿಯಲ್ಲಿ ನೂರಕ್ಕೆ ನಾಲ್ಕು ಪಾಲು ಜಲಜನಕ ಬೆರೆತರೂ ಸಾಕು, ಒಂದು ಕಿಡಿಗೆ ಅದು ಹೊತ್ತಿಕೊಳ್ಳುತ್ತದೆ. ಶಾಲೆಯಲ್ಲಿ ಆದುದು ಅದೇ. ಈ ಗುಳ್ಳೆಗಳು ಮೇಲೆ ಬಂದು ಒಡೆಯುವಾಗ ಆಮ್ಲದ ಅತಿ ಸಣ್ಣ ಹನಿಗಳನ್ನೂ ಮಂಜಿನಂತೆ ಹೊತ್ತು ತರುತ್ತವೆ. ಆ ಮಂಜು ಮುಚ್ಚಳದ ರಂಧ್ರಗಳಿಂದಲೂ, ಗೂಟದ ಬುಡದಲ್ಲಿ ಬಿರುಕು ಇದ್ದರೆ ಅಲ್ಲಿಂದಲೂ ನುಸುಳಿ, ಗೂಟದ ಮೇಲೆಯೂ ತಂತಿಯ ಕೊಂಡಿಯ ಮೇಲೆಯೂ ಕೂಡುತ್ತದೆ. ಗಂಧಕಾಮ್ಲ ಬೇಗ ಆರಿಹೋಗುವ ವಸ್ತುವಲ್ಲ; ಗಾಳಿಯ ತೇವವನ್ನು ಹೀರಿಕೊಂಡು ಹಸಿಯಾಗಿಯೇ ಉಳಿದು ಲೋಹವನ್ನು ತಿನ್ನುತ್ತಿರುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ಅದಕ್ಕೆ ತೇವದ ಬರವೆಲ್ಲಿ?

ಸೀಸವನ್ನು ಆಮ್ಲ ತಿಂದಾಗ ಸೀಸದ ಸಲ್ಫೇಟು ಉಂಟಾಗುತ್ತದೆ. ಅದು ಬಿಳಿ. ಕೊಂಡಿಯ ತಾಮ್ರವನ್ನು ತಿಂದಾಗ ತಾಮ್ರದ ಸಲ್ಫೇಟು ಉಂಟಾಗುತ್ತದೆ. ಅದು ನೀಲಿ. ತಾಮ್ರದ ಸಲ್ಫೇಟು ಎಂದರೆ ಬೇರೇನೂ ಅಲ್ಲ, ಅಡಕೆ ಬೆಳೆಗಾರರ ಮನೆಯಲ್ಲಿ ಹುಟ್ಟಿದ ಮಕ್ಕಳೆಲ್ಲರೂ ಬಲ್ಲ ಮೈಲುತುತ್ತ. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್ ಎಂಬ ವಿಜ್ಞಾನಿ 20ನೆಯ ಶತಮಾನದ ಆರಂಭದಲ್ಲಿ ಅಡಕೆಯ ಕೊಳೆರೋಗವನ್ನು ಕುರಿತು ಅಧ್ಯಯನ ನಡೆಸಿದರು. ಆ ರೋಗಕ್ಕೆ ಇಂದಿಗೂ ಸಿಂಪಡಿಸುವ ಬೋರ್ಡೋ ದ್ರಾವಣದಲ್ಲಿ ಇರುವುದು ಇದೇ ಮೈಲುತುತ್ತ ಮತ್ತು ಸುಣ್ಣ. ತೋಟದಲ್ಲಿ ಮದ್ದಾದ ವಸ್ತು ಬ್ಯಾಟರಿಯ ಮೇಲೆ ತಾನೇ ರೋಗವಾಗಿ ಕುಳಿತಿದೆ ಎಂದು ಹೇಳಿದಾಗ ನನ್ನ ಶಿಷ್ಯನಿಗೆ ನಗು ಬಂತು.

ಆದರೆ ಒಂದು ಚಿಟಿಕೆ ಹುಡಿಯಿಂದ ದೀಪ ಆರುವುದು ಹೇಗೆ? ಇದನ್ನು ಹುಡುಗಿಯೇ ಕೇಳಿದಳು. ಕತ್ತಲೆಯಲ್ಲಿ ಕುಳಿತು ನಾವಿಬ್ಬರೂ ಬಾಯಿಲೆಕ್ಕ ಹಾಕಿದೆವು. ಮನೆಯ ದೀಪಗಳಿಗೂ ಬೀಸಣಿಗೆಗಳಿಗೂ ಸೇರಿ 240 ವಾಟು ಬೇಕೆಂದು ಇಟ್ಟುಕೊಳ್ಳೋಣ. 12 ವೋಲ್ಟಿನ ಬ್ಯಾಟರಿಯಿಂದ ಅಷ್ಟನ್ನು ಪಡೆಯಲು ಸ್ಥೂಲವಾಗಿ 20 ಆಂಪಿಯರು ಪ್ರವಾಹ ಹರಿಯಬೇಕು. ಶುದ್ಧವಾಗಿ ಬಿಗಿದ ಜೋಡಣೆಯಲ್ಲಿ ರೋಧ ಇಲ್ಲವೆನ್ನುವಷ್ಟು ಕಡಿಮೆ. ಕಿಲುಬಿನಲ್ಲಿ ವಿದ್ಯುತ್ತು ಸುಲಭವಾಗಿ ಹರಿಯುವುದಿಲ್ಲ. ಅದು ಗೂಟಕ್ಕೂ ಕೊಂಡಿಗೂ ನಡುವೆ ಸೇರಿಕೊಂಡು ಓಮಿನ ಹತ್ತನೆಯ ಒಂದು ಭಾಗದಷ್ಟು ರೋಧವನ್ನು ಒಡ್ಡಿತೆನ್ನಿ. 20 ಆಂಪಿಯರನ್ನು 0.1 ಓಮಿನಿಂದ ಗುಣಿಸಿದರೆ 2 ವೋಲ್ಟು. ಅಷ್ಟು ವೋಲ್ಟು ಕಿಲುಬನ್ನು ದಾಟುವುದರಲ್ಲಿಯೇ ಕಳೆದುಹೋಗುತ್ತದೆ. ಬ್ಯಾಟರಿಯಲ್ಲಿ 12 ವೋಲ್ಟು ಇದ್ದರೂ ಇನ್ವರ್ಟರಿಗೆ ಕಾಣುವುದು 10 ಮಾತ್ರ. ಸುಮಾರು ಹತ್ತೂವರೆಗಿಂತ ಕೆಳಗೆ ಇಳಿದರೆ ಬ್ಯಾಟರಿ ಬರಿದಾಯಿತೆಂದು ತಿಳಿದು ಇನ್ವರ್ಟರು ಕೂಗಿ ನಿಲ್ಲುತ್ತದೆ. ಕಳೆದುಹೋದ ಆ 2 ವೋಲ್ಟು ಏನಾಯಿತು? 20 ಆಂಪಿಯರಿನಿಂದ ಗುಣಿಸಿ ನೋಡಿದರೆ 40 ವಾಟು ಶಾಖವಾಯಿತು. ನನ್ನ ಕೈಗೆ ತಾಕಿದ್ದು ಆ ಬಿಸಿ. ಹಳೆಯ ಕಾಲದ 40 ವಾಟಿನ ಬಲ್ಬೊಂದು ಉರಿಯುವಾಗ ಎಷ್ಟು ಬಿಸಿಯಾಗುತ್ತಿತ್ತೆಂದು ಮನೆಯ ಹಿರಿಯರನ್ನು ಕೇಳಿ. ಹೀಗೆ ಬಿಸಿಯಾದ ಜೋಡಣೆಯಲ್ಲಿ ತಂತಿಯ ಹೊದಿಕೆ ಕರಗಿ ಬೆಂಕಿ ಹತ್ತುವ ಅಪಾಯವೂ ಇದೆ.

ಇದಕ್ಕಿಂತ ದೊಡ್ಡ ಕೇಡು ಕಣ್ಣಿಗೆ ಕಾಣುವುದಿಲ್ಲ. ವಿದ್ಯುತ್ತನ್ನು ಹೊರಕ್ಕೆ ಬಿಡದ ಕಿಲುಬು ಒಳಕ್ಕೂ ಸರಿಯಾಗಿ ಬಿಡದು. ಬ್ಯಾಟರಿ ದಿನವೂ ಅರೆಹೊಟ್ಟೆಯಲ್ಲಿ ಇರುತ್ತದೆ. ಅರೆಹೊಟ್ಟೆಯ ಬ್ಯಾಟರಿಯ ಫಲಕಗಳ ಮೇಲೆ ಸೀಸದ ಸಲ್ಫೇಟು ಗಟ್ಟಿಯಾದ ಹರಳುಗಳಾಗಿ ಕೂಡುತ್ತದೆ. ಆಮೇಲೆ ಎಷ್ಟು ಚಾರ್ಜು ಮಾಡಿದರೂ ಕರಗುವುದಿಲ್ಲ. ಹೊರಗಿನ ಕಿಲುಬನ್ನು ಹತ್ತು ನಿಮಿಷದಲ್ಲಿ ತೊಳೆಯಬಹುದು. ಒಳಗಿನದಕ್ಕೆ ಮನೆಯಲ್ಲಿ ಮಾಡುವಂಥ ಮದ್ದಿಲ್ಲ. ಇನ್ನು ಒಂದು ಮಳೆಗಾಲ ಹಾಗೆಯೇ ಬಿಟ್ಟಿದ್ದರೆ ಅವನ ಮಾತೇ ನಿಜವಾಗಿ ಬ್ಯಾಟರಿ ಸಾಯುತ್ತಿತ್ತು.

ಬೆಳಗಾಗಲೆಂದು ಕಾದೆವು. ಬಾಗಿಲು ಕಿಟಕಿಗಳನ್ನು ತೆರೆದು, ಒಲೆಯನ್ನೂ ಊದುಬತ್ತಿಯನ್ನೂ ದೂರ ಇರಿಸಿ, ಮೊದಲು ಗೋಡೆಯ ಸ್ವಿಚ್ಚನ್ನೂ ಬಳಿಕ ಇನ್ವರ್ಟರನ್ನೂ ಆರಿಸಿ ಸ್ವಲ್ಪ ಹೊತ್ತು ಬಿಟ್ಟೆವು. ಶಿಷ್ಯನು ಕೈಗೆ ರಬ್ಬರಿನ ಗವಸನ್ನು ಹಾಕಿಕೊಂಡನು. ಅಡಕೆಗೆ ಔಷಧಿ ಹೊಡೆಯುವಾಗ ಧರಿಸುವ ಕನ್ನಡಕ ಮನೆಯಲ್ಲಿಯೇ ಇತ್ತು. ಕೈಯ ಉಂಗುರವನ್ನೂ ಗಡಿಯಾರವನ್ನೂ ತೆಗೆಸಿದೆನು. ಉಂಗುರವೋ ಸ್ಪ್ಯಾನರೋ ಎರಡು ಧ್ರುವಗಳಿಗೆ ಒಮ್ಮೆಗೇ ತಾಗಿದರೆ ಕ್ಷಣದಲ್ಲಿ ಕೆಂಪಗೆ ಕಾಯುತ್ತದೆ. 12 ವೋಲ್ಟು ನಮ್ಮ ಮೈಗೆ ಆಘಾತ ಕೊಡಲಾರದು ಎಂಬ ಧೈರ್ಯದಲ್ಲಿ ಇದನ್ನು ಮರೆತವರೇ ಹೆಚ್ಚು.

ಬಿಚ್ಚುವಾಗ ಋಣ ಧ್ರುವದ ಕೊಂಡಿಯನ್ನು ಮೊದಲು, ಧನ ಧ್ರುವದ್ದನ್ನು ಅನಂತರ ಬಿಚ್ಚಬೇಕು. ಟ್ರ್ಯಾಕ್ಟರು, ಕಾರುಗಳಲ್ಲಿ ಋಣ ಧ್ರುವವನ್ನು ವಾಹನದ ಲೋಹದ ಮೈಗೆ ಸೇರಿಸಿರುತ್ತಾರೆ. ಅಲ್ಲಿ ಧನ ಧ್ರುವವನ್ನು ಮೊದಲು ಬಿಚ್ಚಹೋಗಿ ಸ್ಪ್ಯಾನರು ಮೈಗೆ ತಾಗಿದರೆ ಕಿಡಿಯ ಮಳೆಯೇ ಆಗುತ್ತದೆ. ಮನೆಯ ಬ್ಯಾಟರಿಗೆ ಅಂಥ ಮೈ ಇಲ್ಲದಿದ್ದರೂ ಕೈಗೆ ಒಂದೇ ಅಭ್ಯಾಸವಿರುವುದು ಒಳ್ಳೆಯದು. ಮತ್ತೆ ಜೋಡಿಸುವಾಗ ಈ ಕ್ರಮ ತಿರುಗುಮುರುಗಾಗುತ್ತದೆ: ಧನ ಮೊದಲು, ಋಣ ಕೊನೆಗೆ.

ಇನ್ನು ತೊಳೆಯುವುದು. ತಾಮ್ರದ ಹಂಡೆಯನ್ನು ಬೆಳಗಿ ಪಳಗಿದ ಅಜ್ಜಿ ಅಷ್ಟರಲ್ಲಿ ಹುಣಿಸೆಹಣ್ಣಿನ ಉಂಡೆಯನ್ನು ತಂದು ನನ್ನ ಮುಂದೆ ಇಟ್ಟರು. ಹಂಡೆಗೆ ಅದು ಸರಿ. ಅಲ್ಲಿ ಗಾಳಿಯಿಂದ ಕಟ್ಟಿದ ಕರಿಯನ್ನು ಹುಳಿ ಕರಗಿಸುತ್ತದೆ. ಇಲ್ಲಿ ಹುಳಿಯೇ ರೋಗದ ಮೂಲ; ಆಮ್ಲಕ್ಕೆ ಆಮ್ಲವನ್ನು ಸೇರಿಸಿ ಫಲವೇನು? ಆಮ್ಲವನ್ನು ಅಡಗಿಸಲು ಅದರ ಎದುರಾಳಿಯಾದ ಕ್ಷಾರ ಬೇಕು. ಅಡುಗೆಯ ಸೋಡಾ ಅಂಥದು. ಸೋಡಾ ತಾ ಎಂದು ಕೇಳಿದಾಗ ಹುಡುಗಿಯ ತಮ್ಮ ಓಡಿಹೋಗಿ ಅಂಗಡಿಯಿಂದ ಒಂದು ಗೋಲಿ ಸೋಡಾವನ್ನೇ ತಂದನು. ತಪ್ಪು ಅವನದಲ್ಲ, ನನ್ನದು. ಕುಡಿಯುವ ಸೋಡಾದಲ್ಲಿ ಇಂಗಾಲದ ಡೈ ಆಕ್ಸೈಡು ಕರಗಿ ಅದೂ ಹುಳಿಯೇ ಆಗಿರುತ್ತದೆ. ಬಣ್ಣದ ಪಾನೀಯಗಳನ್ನು ಸುರಿದು ಕಿಲುಬನ್ನು ತೆಗೆಯುವವರೂ ಇದ್ದಾರೆ. ಹುಡಿ ಕರಗಿದಂತೆ ಕಾಣುತ್ತದೆ, ಆದರೆ ಸಕ್ಕರೆಯ ಅಂಟೂ ಹುಳಿಯೂ ಹಿಂದೆ ಉಳಿಯುತ್ತವೆ. ಹುಡುಗನು ತಂದ ಗೋಲಿ ಸೋಡಾವನ್ನು ಅವನೇ ಕುಡಿದನು.

ಒಂದು ಲೋಟ ಬೆಚ್ಚನೆಯ ನೀರಿಗೆ ಒಂದು ದೊಡ್ಡ ಚಮಚ ಅಡುಗೆ ಸೋಡಾ ಹಾಕಿ ಕಲಕಿದೆವು. ಬ್ಯಾಟರಿಯ ಮೇಲಿನ ಮುಚ್ಚಳಗಳೆಲ್ಲ ಬಿಗಿಯಾಗಿವೆಯೇ ಎಂದು ಮತ್ತೊಮ್ಮೆ ನೋಡಿದೆವು. ಈ ನೀರು ಒಂದು ಹನಿಯೂ ಕೋಶದೊಳಗೆ ಹೋಗಬಾರದು. ಹೋದರೆ ಒಳಗಿರಬೇಕಾದ ಆಮ್ಲವನ್ನೂ ಅದು ಕೊಲ್ಲುತ್ತದೆ. ಕಿಲುಬನ್ನು ಒಣಗಿದ ಹಾಗೆಯೇ ಕೆರೆಯಬಾರದು, ಬಾಯಿಂದ ಊದಲಂತೂ ಕೂಡದು. ಅದು ಸೀಸದ ಹುಡಿ. ಉಸಿರಿನಲ್ಲಿಯೋ ಬೆರಳಿನ ಮೂಲಕ ಬಾಯಿಗೋ ಸೇರಿದ ಸೀಸವು ಮೈಯಲ್ಲಿ ನಿಂತುಬಿಡುವ ವಿಷ. ಎಳೆಯ ಮಕ್ಕಳ ಮಿದುಳಿನ ಬೆಳವಣಿಗೆಗೆ ಅದು ಮಾಡುವ ಹಾನಿಯನ್ನು ಸರಿಪಡಿಸಲಾಗದು. ಆದುದರಿಂದ ಮೊದಲು ಸೋಡಾ ನೀರಿನಿಂದ ನೆನೆಸಿದೆವು. ನೀರು ಬಿದ್ದೊಡನೆ ಕಿಲುಬು ಬುಸುಗುಟ್ಟಿ ನೊರೆಯಾಗಿ ಉಕ್ಕಿತು. ಸೋಡಾ ಗಂಧಕಾಮ್ಲದೊಡನೆ ಕೂಡಿದಾಗ ಇಂಗಾಲದ ಡೈ ಆಕ್ಸೈಡು ಹೊರಬೀಳುತ್ತದೆ, ನೀರೂ ಒಂದು ಸಾಧು ಲವಣವೂ ಉಳಿಯುತ್ತವೆ. ಹಳೆಯ ಹಲ್ಲುಜ್ಜುವ ಕುಂಚದಿಂದ ಉಜ್ಜಿ, ಮತ್ತೆ ನೀರನ್ನು ಹನಿಸಿದೆವು. ನೊರೆ ಏಳುವುದು ನಿಂತ ಮೇಲೆ ಆಮ್ಲ ಮುಗಿಯಿತೆಂದು ಅರ್ಥ ಎಂದೆನು.

"ನಾವು ಬೋರ್ಡೋಗೆ ಕತ್ತಿ ಅದ್ದಿ ನೋಡೋ ಹಾಗೆ, ಅಲ್ವಾ ಮೇಷ್ಟ್ರೇ?" ಎಂದು ಶಿಷ್ಯನು ಕೇಳಿದನು. ನನಗೆ ಬಹಳ ಸಂತೋಷವಾಯಿತು. ಸುಣ್ಣ ಸಾಕಷ್ಟು ಬಿದ್ದಿದೆಯೇ ಎಂದು ತಿಳಿಯಲು ಬೆಳೆಗಾರರು ದ್ರಾವಣದಲ್ಲಿ ಕಬ್ಬಿಣದ ಕತ್ತಿಯನ್ನು ಅದ್ದುತ್ತಾರೆ. ಕತ್ತಿಗೆ ತಾಮ್ರದ ಕೆಂಪು ಹತ್ತಿದರೆ ಸುಣ್ಣ ಸಾಲದು. ಅಲ್ಲಿ ಕತ್ತಿಯ ಬಣ್ಣ, ಇಲ್ಲಿ ನೊರೆ. ಪಾಠ ಹೇಳುವಾಗ ನನಗೆ ಹೊಳೆಯದ ಹೋಲಿಕೆ ಅದು.

ಕಿಲುಬು ಹೋದ ಮೇಲೆ ಒದ್ದೆ ಬಟ್ಟೆಯಿಂದ ಎರಡು ಸಲ, ಒಣಬಟ್ಟೆಯಿಂದ ಒಂದು ಸಲ ಒರೆಸಿದೆವು. ಗೂಟದ ಮೈಯನ್ನೂ ಕೊಂಡಿಯ ಒಳಮೈಯನ್ನೂ ನಯವಾದ ಮರಳು ಕಾಗದದಿಂದ ಒದ್ದೆಯಾಗಿಯೇ ಮೆಲ್ಲಗೆ ಉಜ್ಜಿದಾಗ ಲೋಹದ ಹೊಳಪು ಕಂಡಿತು. ಆ ಹೊಳಪಿಗೆ ಹೊಳಪು ತಾಗುವಂತೆ ಬಿಗಿಯಬೇಕು. ಬಿಗಿಯುವುದೆಂದರೆ ಕೈಯಲ್ಲಿ ಅಲುಗಾಡದಷ್ಟು. ಸೀಸ ಮೆತ್ತನೆಯ ಲೋಹ, ಬಲಪ್ರಯೋಗ ಮಾಡಿದರೆ ಗೂಟವೇ ತಿರುಚಿ ಬುಡದಲ್ಲಿ ಬಿರುಕು ಬಿಡುತ್ತದೆ. ಒಂದು ಕೊಂಡಿಯ ತಾಮ್ರದ ಎಳೆಗಳು ಅರ್ಧ ಸವೆದುಹೋಗಿದ್ದವು. ಅದನ್ನು ತೊಳೆದು ಪ್ರಯೋಜನವಿಲ್ಲವೆಂದು ಕತ್ತರಿಸಿ, ಪೇಟೆಯಿಂದ ಹೊಸ ಕೊಂಡಿಯನ್ನು ತರಿಸಿ ಹಾಕಿದೆವು. ಆ ಕೊಂಡಿ ತಾಮ್ರದ್ದಾದರೂ ಬೆಳ್ಳಗಿತ್ತು. ಅಜ್ಜಿ ಅದನ್ನು ಬೆರಳಿನಿಂದ ತಿರುಗಿಸಿ ನೋಡಿ "ಇದಕ್ಕೂ ಕಲಾಯಿ ಹಾಕಿದಾರಲ್ಲ!" ಎಂದರು. ಹೌದು, ಅದು ತವರದ ಕಲಾಯಿಯೇ.

ಎಲ್ಲವನ್ನೂ ಬಿಗಿದ ಮೇಲೆ ಹೊರಗಿನಿಂದ ಪೆಟ್ರೋಲಿಯಂ ಜೆಲ್ಲಿಯನ್ನು ತೆಳ್ಳಗೆ ಸವರಿದೆವು. ಚಳಿಗಾಲದಲ್ಲಿ ತುಟಿ ಒಡೆದರೆ ಹಚ್ಚಿಕೊಳ್ಳುವ ವ್ಯಾಸಲೀನು ಅದೇ. ಆಮ್ಲದ ಮಂಜೂ ಗಾಳಿಯ ತೇವವೂ ಲೋಹವನ್ನು ಮುಟ್ಟದಂತೆ ಅದು ತಡೆಯುತ್ತದೆ. ಬಿಗಿಯುವ ಮೊದಲೇ ದಪ್ಪಗೆ ಮೆತ್ತುವವರಿದ್ದಾರೆ. ಅದು ನನಗೆ ಒಪ್ಪಿಗೆಯಿಲ್ಲ. ಜೆಲ್ಲಿಯಲ್ಲಿ ವಿದ್ಯುತ್ತು ಹರಿಯುವುದಿಲ್ಲ, ಅದರ ಸ್ಥಳ ಜೋಡಣೆಯ ಹೊರಗೆ.

ಇಷ್ಟಾದರೂ ಕಿಲುಬು ಮತ್ತೆ ಬೇಗನೆ ಬಂದರೆ ಆಮ್ಲ ಎಲ್ಲಿಂದ ಹೊರಬರುತ್ತಿದೆ ಎಂದು ಹುಡುಕಬೇಕು. ಅಂಜನಾಪುರದ ಮನೆಯಲ್ಲಿ ಕಾರಣ ಸಿಕ್ಕಿತು. ನೀರು ಕಡಿಮೆಯಾದರೆ ಬ್ಯಾಟರಿ ಕೆಡುತ್ತದೆಂದು ಯಾರೋ ಹೇಳಿದ್ದರಿಂದ ಶಿಷ್ಯನು ತಿಂಗಳು ತಿಂಗಳೂ ಕಂಠಮಟ್ಟ ನೀರನ್ನು ತುಂಬುತ್ತಿದ್ದನು. ಚಾರ್ಜಾಗುವಾಗ ಒಳಗಿನ ದ್ರವದ ಮಟ್ಟ ಏರುತ್ತದೆ, ಗುಳ್ಳೆಗಳೂ ಏಳುತ್ತವೆ. ಹಾಲು ಉಕ್ಕಿದಂತೆ ಆಮ್ಲ ಮುಚ್ಚಳದ ಸಂದಿನಿಂದ ಹೊರಗೆ ಬರುತ್ತದೆ. ಅತಿ ಅಕ್ಕರೆಯಿಂದ ಆದ ಕೇಡು ಅದು. ಬ್ಯಾಟರಿ ಪೂರ್ತಿಯಾಗಿ ಚಾರ್ಜಾದ ಮೇಲೆ, ತೇಲುವ ಕಡ್ಡಿ ತೋರಿಸುವ ಗುರುತಿನವರೆಗೆ ಮಾತ್ರ ನೀರನ್ನು ಹಾಕಬೇಕು. ಫಲಕಗಳೇ ನೀರಿನಿಂದ ಹೊರಗೆ ಕಾಣುತ್ತಿದ್ದರೆ ಮಾತ್ರ, ಅವು ಮುಳುಗುವಷ್ಟನ್ನು ಮೊದಲು ಹಾಕಿ, ಚಾರ್ಜು ಮಾಡಿ, ಉಳಿದುದನ್ನು ಆಮೇಲೆ ತುಂಬಬೇಕು. ಹಾಕುವ ನೀರು ಬಟ್ಟಿ ಇಳಿಸಿದ ನೀರೇ ಆಗಿರಬೇಕು. ಕುಮುದ್ವತಿಯ ನೀರು ಕುಡಿಯಲು ಎಷ್ಟೇ ಸಿಹಿಯಾಗಿದ್ದರೂ ಅದರಲ್ಲಿ ಕರಗಿದ ಲವಣಗಳು ಫಲಕಗಳಿಗೆ ಹಿತವಲ್ಲ. ಆಮ್ಲವನ್ನು ನಾವಾಗಿ ಸೇರಿಸಬಾರದು. ಆವಿಯಾಗಿ ಹೋಗುವುದು ನೀರು, ಆಮ್ಲವಲ್ಲ. ಇಷ್ಟನ್ನೂ ಮಾಡಿದರೂ ಕಿಲುಬು ನಿಲ್ಲದಿದ್ದರೆ ಗೂಟದ ಬುಡ ಬಿರಿದಿರಬಹುದು, ಇಲ್ಲವೆ ಇನ್ವರ್ಟರು ಅತಿಯಾಗಿ ಚಾರ್ಜು ಮಾಡುತ್ತಿರಬಹುದು. ಅದು ತಿಳಿದವರು ಅಳೆದು ನೋಡಬೇಕಾದ ಕೆಲಸ.

ತೊಳೆದ ನೀರನ್ನು ಬಚ್ಚಲಿಗೆ ಚೆಲ್ಲಹೋದ ಶಿಷ್ಯನನ್ನು ತಡೆದೆನು. ಅವನ ಬಚ್ಚಲಿನ ನೀರು ಬಾಳೆಯ ಬುಡಕ್ಕೆ ಹೋಗುತ್ತಿತ್ತು, ಅದರಾಚೆ ಬಾವಿ. ಆಮ್ಲ ಅಡಗಿದ್ದರೂ ಸೀಸ ಎಲ್ಲಿಯೂ ಹೋಗಿರುವುದಿಲ್ಲ. ಬಟ್ಟೆಯಿಂದ ಒರೆಸಿ ಹೀರಿಸಿದುದನ್ನೆಲ್ಲ ಒಂದು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಬ್ಯಾಟರಿ ಅಂಗಡಿಯವರಿಗೆ ಕೊಡಲು ಎತ್ತಿಟ್ಟೆವು. ಹಳೆಯ ಬ್ಯಾಟರಿಗಳನ್ನು ಮರಳಿ ಸಂಗ್ರಹಿಸುವುದು ಮಾರುವವರ ಹೊಣೆಯೆಂದು ನಮ್ಮ ದೇಶದಲ್ಲಿ 2001ರಲ್ಲಿ ನಿಯಮಗಳಾದವು. ಅವುಗಳ ಬದಲಿಗೆ 2022ರಲ್ಲಿ ಹೊಸ ನಿಯಮಗಳು ಬಂದು, ತಯಾರಕರ ಮೇಲೆ ಹೆಚ್ಚಿನ ಹೊಣೆಯನ್ನು ಹೊರಿಸಿವೆ. ಸೀಸವನ್ನು ಕರಗಿಸಿ ಮತ್ತೆ ಬಳಸಬಹುದು. ಹಿತ್ತಲಲ್ಲಿ ಬ್ಯಾಟರಿಯನ್ನು ಒಡೆದು ಸೀಸವನ್ನು ಕಾಸಿ ಮಾರುವವರು ಮಾತ್ರ ತಮ್ಮ ಮಕ್ಕಳಿಗೇ ವಿಷವನ್ನು ಉಣಿಸುತ್ತಾರೆ.

ಆ ರಾತ್ರಿಯೂ ಗಾಳಿಯಿತ್ತು. ಎಂಟು ಗಂಟೆಗೆ ವಿದ್ಯುತ್ತು ಹೋಯಿತು. ಇನ್ವರ್ಟರು ಮೊದಲ ಅರ್ಧ ಗಂಟೆ ಉರಿಸಿತು, ಒಂದು ಗಂಟೆ ಉರಿಸಿತು. ಹುಡುಗಿ ತಲೆಯೆತ್ತಿ ನೋಡುವುದನ್ನು ಬಿಟ್ಟು ಲೆಕ್ಕದಲ್ಲಿ ಮುಳುಗಿದಳು. ಹನ್ನೊಂದು ಗಂಟೆಗೆ ಅವಳ ತಾಯಿಯೇ ದೀಪವನ್ನು ಆರಿಸಿ ಮಲಗೆಂದು ಹೇಳಬೇಕಾಯಿತು. ಮರುದಿನ ನಾನು ಬಸ್ಸಿಗೆ ಹೊರಡುವ ಹೊತ್ತಿಗೆ ಅವಳು ಒಂದು ಲೋಟದಲ್ಲಿ ಸೋಡಾ ನೀರನ್ನು ಕಲಕಿ ಅಂಗಳಕ್ಕೆ ಬಂದಳು. "ಅಜ್ಜ, ಟ್ರ್ಯಾಕ್ಟರಿನದೂ ನೋಡಿ ಹೋಗಿ" ಎಂದಳು. ಅವಳ ತಂದೆ ಮುಚ್ಚಳವನ್ನು ಎತ್ತಿದನು. ಅಲ್ಲಿಯ ಕಿಲುಬು ಮೈಲುತುತ್ತದಂತೆ ನೀಲಿಯಾಗಿಯೇ ಇತ್ತು. ನಾನು ಬಸ್ಸನ್ನು ಬಿಟ್ಟು ಅಲ್ಲಿಯೇ ಕಟ್ಟೆಯ ಮೇಲೆ ಕುಳಿತೆನು. ಅವಳು ಕನ್ನಡಕವನ್ನು ಹಾಕಿಕೊಂಡು, ಋಣ ಧ್ರುವ ಯಾವುದೆಂದು ಗುರುತನ್ನು ನೋಡಿ, ಸ್ಪ್ಯಾನರನ್ನು ತಂದೆಯ ಕೈಗೆ ಕೊಟ್ಟಳು.